ಸೊಪ್ಪಿನ ಹೊರೆಯಲ್ಲಿ ಬಂದ ಕಾಡುಪಾಪ

ನಮ್ಮ ಹುಳುಮನೆಗೆ ಯಾರೂ ಸುಮ್ಮನೆ ಕಾಲಿಡುವಂತಿಲ್ಲ. ಬಾಗಿಲ ಹೊರಗೆ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬಕೆಟ್ಟು ಇರುತ್ತದೆ. ಅದರಲ್ಲಿ ಕೈ ಅದ್ದಬೇಕು, ಪಕ್ಕದಲ್ಲಿ ನೆನೆಸಿಟ್ಟ ಗೋಣಿಚೀಲದ ಮೇಲೆ ಕಾಲು ಒರೆಸಬೇಕು, ಆಮೇಲೆ ಒಳಗೆ. ರೇಷ್ಮೆ ಹುಳು ಅಷ್ಟು ನಾಜೂಕು. ಹೊರಗಿನ ರೋಗ ಒಂದು ಮೂಲೆಗೆ ತಗುಲಿದರೆ ಸಾಕು, ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಬೆಳೆ ಎರಡೇ ದಿನದಲ್ಲಿ ಕೊಳೆತು ನಾರುತ್ತದೆ. ಬ್ಯಾಂಕಿನ ಮ್ಯಾನೇಜರು ಬಂದರೂ ಅತ್ತೆ ಮೊದಲು ಬಕೆಟ್ಟು ತೋರಿಸಿ, ನಮಸ್ಕಾರ ಆಮೇಲೆ ಹೇಳುತ್ತಾರೆ.

ನಾನು ಮಂಡ್ಯದ ಗುತ್ತಲಿನವಳು. ಮದುವೆಯಾಗಿ ಬೆಳಕವಾಡಿ ರಸ್ತೆಯ ಈ ಹಳ್ಳಿಗೆ ಬರುವವರೆಗೆ ರೇಷ್ಮೆ ಸೀರೆ ಉಟ್ಟು ಗೊತ್ತಿತ್ತು, ಹುಳು ಮುಟ್ಟಿ ಗೊತ್ತಿರಲಿಲ್ಲ. ಬಂದ ಹೊಸದರಲ್ಲಿ ಒಮ್ಮೆ ಕೈ ಅದ್ದದೆ ಒಳಗೆ ಹೋಗಿಬಿಟ್ಟೆ. "ಸೈನ್ಸ್ ಓದಿರೋಳು, ನಿಂಗೂ ನಾನೇ ಯೋಳ್ಕೊಡಬೇಕಾ?" ಎಂದರು ಅತ್ತೆ. ಆಗ ತಾನೇ ಮಳವಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿ ಸೇರಿದ್ದೆ. ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಅಂದಿನಿಂದ ತೊಳೆಯುವ, ಒರೆಸುವ ವಿಷಯದಲ್ಲಿ ನಾನು ಅತ್ತೆಗಿಂತ ಒಂದು ಕೈ ಮುಂದೆ. ಹುಳುಮನೆಗೆ ಬರುವ ಪೊರಕೆಯನ್ನೂ ಅದ್ದಿ ತೆಗೆಯುತ್ತೇನೆ.

ಎರಡು ವರ್ಷದ ಹಿಂದೆ, ಒಂದು ಭಾನುವಾರ. ಯಜಮಾನರು ಮದ್ದೂರಿನ ಕೆಲಸಕ್ಕೆಂದು ಮೊದಲ ಬಸ್ಸು ಹಿಡಿದು ಹೋಗಿದ್ದರು. ಹುಳುಗಳು ನಾಲ್ಕನೇ ಜ್ವರ ಬಿಟ್ಟು ಎದ್ದಿದ್ದವು. ಹುಳು ಪೊರೆ ಬಿಡುವಾಗ ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯದು ಮುಗಿಯಿತೆಂದರೆ ಅವಕ್ಕೆ ಬಕಾಸುರನ ಹೊಟ್ಟೆ. ಎಷ್ಟು ಸೊಪ್ಪು ತಂದರೂ ಸಾಲದು. ಬಿಸಿಲೇರಿದರೆ ಎಲೆ ಬಾಡುತ್ತದೆಂದು ಅತ್ತೆ ಮತ್ತು ಕೂಲಿಗೆ ಬರುವ ಅಕ್ಕ ಇಬ್ಬರೂ ಇನ್ನೂ ಮಬ್ಬುಗತ್ತಲಿರುವಾಗಲೇ ತೋಟಕ್ಕೆ ಹೋಗಿ ಹಿಪ್ಪುನೇರಳೆ ಕಡ್ಡಿ ಕೊಯ್ದು ಹೊರೆ ಕಟ್ಟಿ ತಂದಿದ್ದರು. ಹೊರೆ ಬಿಚ್ಚಿ ಕಡ್ಡಿಗಳನ್ನು ಹುಳುವಿನ ಸ್ಟ್ಯಾಂಡಿನ ಮೇಲೆ ಹರಡುವುದು ರಜೆಯ ದಿನ ನನ್ನ ಕೆಲಸ.

ಎರಡನೇ ಹೊರೆ ಅರ್ಧ ಖಾಲಿಯಾಗಿತ್ತು. ಒಂದು ಕಡ್ಡಿ ಎಳೆದರೆ ಬರಲಿಲ್ಲ. ಇನ್ನಷ್ಟು ಎಳೆದೆ. ಎಲೆಗಳ ನಡುವಿನಿಂದ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು.

ನನ್ನ ಮುಷ್ಟಿಯಷ್ಟೂ ಇಲ್ಲದ ಮರಿ. ಬೂದು ಬಣ್ಣದ ಮೈ, ಪೊರಕೆ ಕಡ್ಡಿಯಂಥ ಕೈಕಾಲು, ಬಾಲವೇ ಇಲ್ಲ, ಮುಖದ ತುಂಬ ಬರೀ ಕಣ್ಣು. ಒಂದು ಕೈಯಲ್ಲಿ ತನ್ನ ಕಡ್ಡಿಯನ್ನೂ ಇನ್ನೊಂದರಲ್ಲಿ ನಾನು ಎಳೆಯುತ್ತಿದ್ದ ಕಡ್ಡಿಯನ್ನೂ ಹಿಡಿದುಕೊಂಡಿತ್ತು. ಆ ಬೆರಳುಗಳಿಗೆ ಉಗುರಿದ್ದವು, ನಮ್ಮ ಹಾಗೆ. ಕಾಡುಪಾಪ. ಪ್ರತಿ ವರ್ಷ ಎಂಟನೇ ಕ್ಲಾಸಿನ ಮಕ್ಕಳಿಗೆ ವನ್ಯಜೀವಿ ಸಂರಕ್ಷಣೆ ಪಾಠ ಮಾಡುವಾಗ ಬೋರ್ಡಿನ ಮೇಲೆ ಅದರ ಹೆಸರು ಬರೆಯುತ್ತೇನೆ. "ನೀವು ನೋಡಿದೀರಾ ಮಿಸ್?" ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ. ಈಗ ಅದು ನಮ್ಮ ಹುಳುಮನೆಯಲ್ಲಿ ನನ್ನ ಜೊತೆ ಕಡ್ಡಿಗಾಗಿ ಜಗ್ಗಾಡುತ್ತಿತ್ತು. ನನಗೆ ಕುಣಿಯಬೇಕು ಅನ್ನಿಸಿತು. ನಿಜ ಹೇಳುತ್ತೇನೆ, ನನ್ನ ಮದುವೆಯ ದಿನವೂ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ.

"ಅತ್ತೆ, ಬೇಗ ಬನ್ನಿ" ಎಂದೆ. ಅತ್ತೆ ಬಂದು ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಕಾಡ್‌ಪಾಪ ಕಣವ್ವ. ಬೆಳಿಗ್ಗೆ ಎದ್ದು ಇದ್ರ ಮೊಕ ನೋಡ್ಬುಟ್ಟೋ" ಎಂದಳು.

"ತಗ್ದು ಆಚೆ ಬುಡಮ್ಮಿ" ಎಂದರು ಅತ್ತೆ. "ಉಳ ಹಣ್ಣಾಗೋ ಒತ್ನಲ್ಲಿ ಇದೆಂತ ಅಪಸಕುನ."

ಹಣ್ಣಾಗುವುದೆಂದರೆ ಹುಳು ಗೂಡು ಕಟ್ಟಲು ಮಾಗುವುದು. ಕಾಡುಪಾಪದ ಮುಖ ನೋಡಿದರೆ ಕೆಡುಕಾಗುತ್ತದೆಂದು ನಮ್ಮ ಕಡೆ ಈಗಲೂ ನಂಬುವವರಿದ್ದಾರೆ. ನನಗೆ ಅಪಶಕುನದ ಮಾತು ಕಿವಿಗೇ ಬೀಳಲಿಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ: ಹೊರಗಿನ ಪ್ರಾಣಿ ಹುಳುಮನೆಯೊಳಗೆ ಬಂದಿದೆ. ಕೈ ತಾನಾಗಿ ಬಕೆಟ್ಟಿಗೆ ಹೋಯಿತು. ಹತ್ತಿಬಟ್ಟೆ ಅದ್ದಿ ಹಿಂಡಿ, ತಲೆಯಿಂದ ಕಾಲಿನವರೆಗೆ, ಅಂಗೈ, ಅಂಗಾಲು, ಕಂಕುಳು ಒಂದನ್ನೂ ಬಿಡದೆ ಆ ಮರಿಯನ್ನು ಒರೆಸಿದೆ. ಅದು ಒಮ್ಮೆ ಚಿಟಚಿಟ ಅಂದಿತು, ಮುದುರಿಕೊಂಡಿತು, ಕಡ್ಡಿಯನ್ನು ಮಾತ್ರ ಬಿಡಲಿಲ್ಲ. ಆ ಕಡ್ಡಿಯ ಸಮೇತ ಒಂದು ಬಿದಿರ ಮಂಕರಿಯಲ್ಲಿಟ್ಟು, ಮೇಲೆ ತೆಳ್ಳಗಿನ ಬಟ್ಟೆ ಮುಚ್ಚಿ, ಒಳಕೋಣೆಯ ನೆರಳಿಗೆ ತಂದೆ. ಎಷ್ಟು ಶಿಸ್ತಿನ ಕೆಲಸ ಮಾಡಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಆಮೇಲೆ ಹಸುವಿನ ಹಾಲು ಬೆಚ್ಚಗೆ ಮಾಡಿ, ಮಗಳಿಗೆ ಹಾಲು ಕುಡಿಸುತ್ತಿದ್ದ ಹಳೆಯ ಒಳಲೆ ಹುಡುಕಿ ತೆಗೆದೆ. ಅಷ್ಟರಲ್ಲಿ ಬುದ್ಧಿ ಬಂತು, ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಅವರು ಈ ಕಡೆಯ ಗಾರ್ಡಿನ ನಂಬರು ಕೊಟ್ಟರು. ಹುಡುಗನ ದನಿ, ಬೆಳಕವಾಡಿ ಕಡೆಯ ಮಾತು.

"ಹಾಲು ಗೀಲು ಕುಡುಸ್‌ಬ್ಯಾಡಿ ಮೇಡಂ, ಸತ್ತೋಯ್ತದೆ. ಎಲ್ಲಿ ಸಿಕ್ತು ಅದು?"

ಹೇಳಿದೆ.

"ಅದು ತಬ್ಲಿ ಅಲ್ಲ ಮೇಡಂ. ಹಗಲೊತ್ತು ಮರಿ ತಾಯಿ ಮೈಗೆ ಅಂಟ್ಕಂಡಿರ್ತದೆ. ಸಂಜೆ ಮೇವಿಗೆ ಓಗ್ಬೇಕಾದ್ರೆ ತಾಯಿ ಅದ್ನ ಒಂದು ಕೊಂಬೇಲಿ ಕೂರ್ಸಿ ಓಯ್ತದೆ. ಬೆಳಗಿನ ಜಾವ ಬಂದು ಎತ್ಕಂಡೋಯ್ತದೆ. ಅವ್ಳು ಬರೋದ್ರೊಳ್ಗೆ ನೀವು ಕೊಂಬೇನೇ ಕುಯ್ಕಂಡ್ ಬಂದಿದೀರಿ."

ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಅಕ್ಕ "ನಾವು ಮಕ್ಳ ಅಂಗನವಾಡೀಲಿ ಬುಟ್ಟು ಕೂಲಿಗೆ ಬತ್ತೀವಲ್ಲ, ಅಂಗೆ" ಎಂದಳು. ಅವಳು ಆಗಲೇ ಸೆರಗನ್ನು ಬಾಯಿಂದ ತೆಗೆದಿದ್ದಳು.

ಗಾರ್ಡು ಹೇಳಿದ್ದು ಸ್ಪಷ್ಟವಾಗಿತ್ತು. ಇವತ್ತೇ ಸಂಜೆ, ಕತ್ತಲಾಗುವ ಮುಂಚೆ, ಮರಿಯನ್ನು ಎಲ್ಲಿಂದ ತಂದೆವೋ ಅಲ್ಲಿಯೇ ಇಡಬೇಕು. ತಾಯಿ ಹುಡುಕಿಕೊಂಡು ಬರುತ್ತಾಳೆ. ಇವತ್ತು ಸಿಗದಿದ್ದರೆ ನಾಳೆ ಬರುತ್ತಾಳೆಂದು ಹೇಳಲಾಗದು. ತಾಯಿಯಿಲ್ಲದೆ ಇಷ್ಟು ಚಿಕ್ಕದು ಉಳಿಯುವುದು ಕಷ್ಟ.

ಈಗ ನನ್ನ ಮನಸ್ಸಿನ ಕೊಳಕನ್ನೂ ಬರೆಯಬೇಕು. ನಾಳೆ ಸೋಮವಾರ. ಒಂದೇ ಒಂದು ದಿನ ಇಟ್ಟುಕೊಂಡರೆ ಮಂಕರಿಯನ್ನು ಕ್ಲಾಸಿಗೆ ಒಯ್ಯಬಹುದು. ನಲವತ್ತು ಮಕ್ಕಳು ಜೀವಮಾನವಿಡೀ ಮರೆಯುವುದಿಲ್ಲ. ಸಂರಕ್ಷಣೆ ಅಂದರೆ ಏನೆಂದು ನಾನು ಬಾಯಿ ನೋಯಿಸಿಕೊಂಡು ಹೇಳುವುದಕ್ಕಿಂತ ಆ ಕಣ್ಣುಗಳೇ ಹೇಳಿಬಿಡುತ್ತವೆ. ಒಂದು ರಾತ್ರಿಯಲ್ಲಿ ಏನಾಗುತ್ತದೆ, ನಾಳೆ ಸಂಜೆ ಬಿಟ್ಟರಾಯಿತು ಎಂದು ಅತ್ತೆಯ ಮುಂದೆ ಅಂದೆ. ಆ ಪ್ರಾಣಿಯನ್ನು ಮನೆಯಲ್ಲಿಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಎಂದು ಅದೇ ಮಕ್ಕಳಿಗೆ ನೋಟ್ಸು ಬರೆಸಿದವಳೂ ನಾನೇ.

ಅತ್ತೆ ಉಳಿದ ಕಡ್ಡಿಗಳನ್ನು ಹರಡುತ್ತಿದ್ದವರು ತಲೆಯೆತ್ತಲಿಲ್ಲ. "ನಿನ್ ಇಸ್ಕೂಲಿಗೆ ಅದ್ರವ್ವ ಬತ್ತಾಳಾ?" ಎಂದರು. ಬೆಳಿಗ್ಗೆ ಆಚೆ ಬಿಡು ಅಂದವರೇ ಅವರು. ನಾನು ಹಾಲಿನ ಒಳಲೆಯನ್ನು ಎತ್ತಿಟ್ಟೆ.

ಗಾರ್ಡು ಮಧ್ಯಾಹ್ನ ಬೈಕಿನಲ್ಲಿ ಬಂದ. ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸು. ಬಟ್ಟೆ ಸರಿಸಿ ಮರಿಯ ಮೇಲೆ ಬಗ್ಗಿದವನು ಮೂಗು ಸುಕ್ಕಿಸಿದ.

"ಇದೇನ್ ಮೇಡಂ, ಪಂಚಾಯ್ತಿ ನಲ್ಲಿ ನೀರಿನ ವಾಸ್ನೆ ಬತ್ತದೆ?"

ಬ್ಲೀಚಿಂಗ್ ನೀರಿನಲ್ಲಿ ಒರೆಸಿದ್ದನ್ನು ನಾನು ಹೆಮ್ಮೆಯಿಂದಲೇ ಹೇಳಿದೆ. ಆತನ ಮುಖ ಸಣ್ಣದಾಯಿತು. ಇವು ಕಣ್ಣಿಗಿಂತ ಹೆಚ್ಚಾಗಿ ಮೂಗನ್ನು ನಂಬುವ ಪ್ರಾಣಿಗಳು ಎಂದ. ಅಂಗೈ ಅಂಗಾಲಿಗೆ ತಮ್ಮ ಮೂತ್ರವನ್ನೇ ಹಚ್ಚಿಕೊಂಡು ಹೋದಲ್ಲೆಲ್ಲ ಗುರುತು ಬಿಡುತ್ತವೆ. ತಾಯಿ ತನ್ನ ಮರಿಯನ್ನು ಗುರುತಿಸುವುದೂ ವಾಸನೆಯಿಂದ. "ಅದ್ನ ನೀವು ಒರಸಾಕ್ಬುಟ್ಟಿದೀರಿ. ಸೇರುಸ್ಕಂಡ್ರೆ ಪುಣ್ಯ" ಎಂದ. ಮತ್ತೇನೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಸ್ವಲ್ಪ ಅತ್ತುಬಿಟ್ಟೆ. ಅತಿಯಾದರೆ ಅಮೃತವೂ ವಿಷ ಎಂದು ಕೇಳಿದ್ದೆ. ನಾನು ಅತಿ ಮಾಡಿದ್ದು ಬ್ಲೀಚಿಂಗ್ ಪುಡಿಯನ್ನು.

ಆದರೆ ಅಳುತ್ತ ಕೂರಲು ಪುರುಸೊತ್ತಿರಲಿಲ್ಲ. "ಈ ಕಡ್ಡೀಲಿ ರಾತ್ರಿಯೆಲ್ಲ ಕೂತಿತ್ತಲ್ಲ, ಇದ್ರಲ್ಲಿ ವಾಸ್ನೆ ಇರ್ತದೆ. ಇದ್ನೇ ಅದೇ ಜಾಗಕ್ಕೆ ಕಟ್ಟೋಣ" ಎಂದ ಗಾರ್ಡು. ಅದೇ ಜಾಗ ಎಲ್ಲಿ? ಬೆಳಿಗ್ಗೆ ಇಬ್ಬರೂ ಸೇರಿ ನಾಲ್ಕು ಸಾಲು ಬೋಳು ಮಾಡಿದ್ದರು. ನೂರಾರು ಬುಡಗಳು. ಕಡ್ಡಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ ಅಕ್ಕ ನಕ್ಕಳು. "ನಾನು ಎಡಚಿ ಕಣ್ ಟೀಚರಮ್ಮ. ನನ್ ಕುಡ್ಲು ಏಟು ಈ ಕಡೀಕೆ ವಾರೆ ಬೀಳ್ತದೆ. ಅವ್ವುಂದು ಆ ಕಡೀಕೆ. ಇದು ನಾನು ಕುಯ್ದಿದ್ದು. ನಾನು ಕುಯ್ದಿದ್ದು ಬೇಲಿ ಪಕ್ಕದ ಸಾಲು."

ಅಷ್ಟು ಹೇಳಿದ್ದೇ ತಡ, ನಾನು ಬೇಲಿ ಪಕ್ಕದ ಸಾಲಿಗೆ ಓಡಿದೆ. ಬಗ್ಗಿಕೊಂಡು ಒಂದೊಂದೇ ಬುಡಕ್ಕೆ ಕಡ್ಡಿಯ ತುದಿ ಹೊಂದಿಸುತ್ತ ಹೋದೆ. ಬೇಲಿಯ ದೊಡ್ಡ ಹೊಂಗೆ ಮರದ ಕೆಳಗೆ, ಒಂದು ಬುಡದ ಮೇಲೆ ಕಡ್ಡಿ ಹೋಗಿ ಕೂತಿತು. ವಾರೆಗೆ ವಾರೆ, ಸಿಪ್ಪೆಗೆ ಸಿಪ್ಪೆ. ಗೆದ್ದೆ ಎಂದು ಕೂಗಿದೆ. ಎಲ್ಲರೂ ಬಂದು ನೋಡಿದರು. ಆ ಬುಡದ ತೊಗಟೆಯ ಮೇಲೆ ಒಣಗಿದ ಕಲೆಗಳಿದ್ದವು. ಗಾರ್ಡು ಮೂಸಿ ನೋಡಿ ತಲೆಯಾಡಿಸಿದ.

ಹೊಂಗೆ ಮರವನ್ನೂ ಬೇಲಿಯನ್ನೂ ಆತ ಬಹಳ ಹೊತ್ತು ನೋಡಿದ. ಜಾಲಿ, ಲಂಟಾನ, ಹೊಂಗೆ, ಹಂಬು ಎಲ್ಲ ಒಂದಕ್ಕೊಂದು ಹೆಣೆದು ಕಾಲುವೆಯವರೆಗೆ ಎಲ್ಲೂ ಕಡಿಯದೆ ಹೋಗಿತ್ತು. ಇವು ನೆಗೆಯಲಾರವು, ಕೊಂಬೆಯಿಂದ ಕೊಂಬೆಗೆ ಕೈ ಹಾಕಿಕೊಂಡೇ ಹೋಗಬೇಕು, ನಡುವೆ ಮೊಳದಷ್ಟು ಖಾಲಿಯಿದ್ದರೂ ನೆಲಕ್ಕಿಳಿಯಬೇಕು, ಇಳಿದರೆ ನಾಯಿಯ ಬಾಯಿಗೆ ಎಂದ. ಸುತ್ತಮುತ್ತ ಬೇಲಿ ತೆಗೆದು ಕಲ್ಲುಕಂಬ, ತಂತಿ ಹಾಕಿದ ಕಡೆಯಲ್ಲೆಲ್ಲ ಅವು ಹೋಗಿಬಿಟ್ಟಿವೆ. ಮಾಟಮಂತ್ರದವರಿಗೆ ಹಿಡಿದು ಮಾರುವವರ ಕಾಟ ಬೇರೆ. "ಐದಾರು ತಿಂಗ್ಳು ಬಸ್ರು, ಒಂದೋ ಎಲ್ಡೋ ಮರಿ. ಇಲಿ ತರ ಗುಂಪು ಗುಂಪು ಹಾಕಲ್ಲ. ಒಂದು ಓದ್ರೆ ಓದಂಗೇಯ."

ಆಮೇಲೆ ಅತ್ತೆಯನ್ನು ಕೇಳಿದ: "ಇಲ್ಲಿ ಔಷ್ದಿ ಹೊಡಿಯಲ್ವಾ ಅಜ್ಜಿ?"

"ಯಾವನ್ ಹೊಡ್ದಾನು" ಎಂದರು ಅತ್ತೆ. ಪಕ್ಕದ ಹೊಲದವನು ಟೊಮೇಟೊಗೆ ಔಷಧಿ ಹೊಡೆದರೆ ಗಾಳಿಯಲ್ಲಿ ತೇಲಿ ಬಂದು ನಮ್ಮ ಸೊಪ್ಪಿಗೆ ಕೂರುತ್ತದೆ, ತಿಂದ ಹುಳು ಸಾಯುತ್ತವೆ. ಅದಕ್ಕೆ ಅತ್ತೆ ಆತನೊಂದಿಗೆ ಆಡಿರುವ ಜಗಳಗಳನ್ನು ಇಡೀ ಊರು ನಿಂತು ನೋಡಿದೆ. ಕೊನೆಗೆ ಆತ ಬೇಸತ್ತು ಆ ಬದಿಗೆ ಔಷಧಿ ಹೊಡೆಯುವುದನ್ನೇ ಬಿಟ್ಟ.

"ಅದ್ಕೇ ಇಲ್ಲಿ ಇದಾವೆ" ಎಂದ ಗಾರ್ಡು. ಇರುವೆ, ಜೇಡ, ಜೀರುಂಡೆ, ಪತಂಗ, ಹಲ್ಲಿ, ಇವೇ ಅದರ ಊಟ. ಮೇಲೆ ಒಂದಿಷ್ಟು ಜಾಲಿ ಅಂಟು. ಔಷಧಿ ಹೊಡೆದ ಕಡೆ ಇವೊಂದೂ ಇರುವುದಿಲ್ಲ. ಅತ್ತೆ ತಮ್ಮ ಹುಳುವಿಗಾಗಿ ಬಾಯಿ ಮಾಡಿದ್ದರು, ಹೊಂಗೆ ಮರದ ಮೇಲೆ ಯಾರದೋ ಮನೆ ತಣ್ಣಗಿತ್ತು. ಅವರಿಗೆ ಅದನ್ನು ಕೇಳಿ ಖುಷಿಯಾಯಿತೋ ಮುಜುಗರವಾಯಿತೋ ತಿಳಿಯಲಿಲ್ಲ. ಸೆರಗು ಕೊಡವಿ "ಸಂಜೆ ಈ ಕಡೆ ಕುಯ್ಬ್ಯಾಡಿ" ಎಂದು ಅಕ್ಕನಿಗೆ ಹೇಳಿದರು.

ಅದು ಸಣ್ಣ ಮಾತಲ್ಲ. ಬಲಿತ ಸೊಪ್ಪು ಉಳಿದಿದ್ದದ್ದೇ ಆ ಬದಿಯಲ್ಲಿ. ಬೇರೆ ಕಡೆ ಇನ್ನೂ ಚಿಗುರು. ಬಕಾಸುರನ ಹೊಟ್ಟೆಯ ಹುಳುಗಳು ಆ ರಾತ್ರಿ ಅರೆಹೊಟ್ಟೆ ಇರಬೇಕಾಗುತ್ತದೆ, ಅರೆಹೊಟ್ಟೆಯ ಹುಳು ಕಟ್ಟುವ ಗೂಡು ತೆಳ್ಳಗಾಗುತ್ತದೆ. ನಾನು ಅತ್ತೆಯ ಮುಖ ನೋಡಿದೆ. "ಎತ್ತೋರ್ಗೆ ಹೆಗ್ಗಣ ಮುದ್ದು. ಅವ್ಳು ಬೆಳಿಗ್ಗೆಯಿಂದ ಎಷ್ಟು ಉಡುಕ್ತಾವ್ಳೋ" ಎಂದರು.

ಬಿಸಿಲು ಇಳಿಯುತ್ತಿದ್ದಂತೆ ಕಡ್ಡಿಯನ್ನು ಬುಡಕ್ಕೆ ಗೋಣಿ ದಾರದಿಂದ ಕಟ್ಟಿದೆವು. ಕೊಯ್ದ ಕಡ್ಡಿಯನ್ನು ಮತ್ತೆ ಗಿಡಕ್ಕೆ ಕಟ್ಟಿದ ರೇಷ್ಮೆ ಬೆಳೆಗಾರರು ನಮ್ಮ ತಾಲ್ಲೂಕಿನಲ್ಲಿ ನಾವೇ ಮೊದಲಿರಬೇಕು. ಅದರ ತುದಿ ಹೊಂಗೆಯ ಕೆಳಗಿನ ಕೊಂಬೆಗೆ ತಾಗುವಂತೆ ಒರಗಿಸಿದೆವು. ಮಂಕರಿಯ ಬಟ್ಟೆ ಸರಿಸಿದಾಗ ಮರಿ ತನ್ನ ಅಂಗೈಗಳನ್ನು ಒಂದಕ್ಕೊಂದು ತಿಕ್ಕಿಕೊಳ್ಳುತ್ತಿತ್ತು. ಅಂಗೈ ಒದ್ದೆಯಾಗಿತ್ತು. "ಮಾಡ್ಕತಾ ಅದೆ, ಬುದ್ವಂತ" ಎಂದು ಗಾರ್ಡು ಪಿಸುಗುಟ್ಟಿದ. ಉಚ್ಚೆ ಹಚ್ಚಿಕೊಳ್ಳುವುದನ್ನು ನೋಡಿ ಯಾರಾದರೂ ಅಷ್ಟು ಸಂಭ್ರಮ ಪಟ್ಟಿರುವುದು ನನಗೆ ಗೊತ್ತಿಲ್ಲ. ನಾನಂತೂ ಪಟ್ಟೆ.

ಮರಿಯನ್ನು ಕಡ್ಡಿಗೆ ದಾಟಿಸಿ, ನಾಲ್ಕು ಸಾಲು ಹಿಂದೆ ಗಿಡಗಳ ಮರೆಯಲ್ಲಿ ಕೂತೆವು. ಅಕ್ಕ ಬದುವಿನ ಕೊನೆಯಲ್ಲಿ ನಾಯಿಗಳನ್ನು ತಡೆಯಲು ನಿಂತಳು. ಗಾರ್ಡಿನ ಹತ್ತಿರ ಕೆಂಪು ಕಾಗದ ಸುತ್ತಿದ ಟಾರ್ಚಿತ್ತು. ರಸ್ತೆಯಲ್ಲಿ ಬಸ್ಸು ಹೋದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಮರಿ ಚಿಟಚಿಟ ಎಂದು ಕರೆಯಿತು. ಸುಮ್ಮನಾಯಿತು. ಮತ್ತೆ ಕರೆಯಿತು. ನನ್ನ ಮಗಳು ಬಾಲವಾಡಿಯಲ್ಲಿ ಎಲ್ಲರೂ ಹೋದಮೇಲೆ ಒಬ್ಬಳೇ ಉಳಿದ ಒಂದು ಸಂಜೆ ನೆನಪಾಯಿತು.

ಆಗ ಹೊಂಗೆಯೊಳಗಿಂದ ಸಣ್ಣ ಸಿಳ್ಳೆ ಬಂತು.

ಟಾರ್ಚಿನ ಕೆಂಪು ಬೆಳಕಿನಲ್ಲಿ ಎರಡು ಕೆಂಡ. ತಾಯಿ ನಿಧಾನವಾಗಿ ಇಳಿದು ಬಂದಳು, ಒಂದು ಕೈ ಬಿಟ್ಟು ಇನ್ನೊಂದು ಕೈ ಹಾಕುತ್ತ. ಹೊಟ್ಟೆಯ ಮೇಲೆ ಗಂಟಿನಂತೆ ಏನೋ ಇತ್ತು. "ಅವಳಿ" ಎಂದ ಗಾರ್ಡು, ಉಸಿರಿನಲ್ಲೇ. ಇನ್ನೊಂದು ಮರಿ. ಒಂದನ್ನು ಹೊತ್ತುಕೊಂಡೇ ಇನ್ನೊಂದನ್ನು ಹುಡುಕಿದ್ದಳು. ಕಡ್ಡಿಗೆ ಇಳಿದು ಮರಿಯ ಹತ್ತಿರ ಬಂದು ಮೂಗು ತಾಗಿಸಿದಳು. ತಟ್ಟನೆ ತಲೆ ಹಿಂದಕ್ಕೆಳೆದಳು.

ಹಿಂದೆ ತಿರುಗಿ ಹೊಂಗೆಗೆ ಹತ್ತಿಬಿಟ್ಟಳು.

ನಾನು ಸೆರಗು ಕಚ್ಚಿಕೊಂಡೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ, ಆದರೆ ಮಾಡಿದವಳು ನಾನು, ಉಣ್ಣುವುದು ಆ ಮರಿ. ಅದು ಈಗ ಬಿಡದೆ ಕರೆಯುತ್ತಿತ್ತು. ಎಷ್ಟು ಹೊತ್ತೋ ತಿಳಿಯದು. ಮತ್ತೆ ಸಿಳ್ಳೆ. ಮತ್ತೆ ಆ ಕೆಂಡಗಳು ಇಳಿದವು. ಈ ಸಲ ಮೊದಲು ಕಡ್ಡಿಯನ್ನು ಮೂಸಿದಳು, ಆಮೇಲೆ ಮರಿಯ ಅಂಗೈಯನ್ನು, ಬಹಳ ಹೊತ್ತು. ಕೊನೆಗೆ ಅದರ ತಲೆ ನೆಕ್ಕತೊಡಗಿದಳು. ತಲೆ, ಬೆನ್ನು, ಕಂಕುಳು. ನಾನು ಒರೆಸಿದ್ದ ಒಂದು ಜಾಗವನ್ನೂ ಬಿಡಲಿಲ್ಲ. ಮರಿ ಕೈ ಚಾಚಿ ಅವಳ ಪಕ್ಕೆಯ ಕೂದಲು ಹಿಡಿಯಿತು, ಕಡ್ಡಿ ಬಿಟ್ಟಿತು, ಅವಳ ಹೊಟ್ಟೆಗೆ ಸೇರಿತು. ನನ್ನ ಕಣ್ಣೀರು ನನಗೇ ಗೊತ್ತಾಗದೆ ಇಳಿಯುತ್ತಿತ್ತು.

ಎರಡನ್ನೂ ಹೊತ್ತು ಅವಳು ಮೇಲಕ್ಕೆ ಹೊರಟಳು. ಒಂದು ಮರಿಯ ಭಾರಕ್ಕೆಂದು ಕಟ್ಟಿದ ದಾರ, ಮೂರು ಜೀವದ ಭಾರಕ್ಕೆ ಜಾರಿತು. ಕಡ್ಡಿಯ ಬುಡ ಪಕ್ಕಕ್ಕೆ ಸರಿದು, ತುದಿ ಹೊಂಗೆಯಿಂದ ಒಂದು ಮೊಳ ಕೆಳಗೆ ಬಂತು. ಅವಳು ನಡುವೆ ಅಲ್ಲಾಡದೆ ನಿಂತುಬಿಟ್ಟಳು. ಬದುವಿನ ಕೊನೆಯಲ್ಲಿ ನಾಯಿಯೊಂದು ಬೊಗಳಿತು. ಗಾರ್ಡು ಏಳಬೇಡಿ ಎಂದು ನನ್ನ ಭುಜ ಒತ್ತಿದ.

ಎದ್ದವರು ಅತ್ತೆ. ಯಾರೂ ತಡೆಯುವ ಮುಂಚೆಯೇ ಹೋಗಿಯಾಗಿತ್ತು. ಬುಡದ ಹತ್ತಿರ ನಿಂತು, ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎತ್ತಿ, ತುದಿಯನ್ನು ಹೊಂಗೆಗೆ ತಾಗಿಸಿ ಹಿಡಿದರು. ಅವಳ ಮುಖ ಅತ್ತೆಯ ಮುಖದಿಂದ ಒಂದು ಗೇಣು ಮೇಲಿತ್ತು. ಅವಳು ಅತ್ತೆಯನ್ನು ನೋಡಿದಳು, ಅತ್ತೆ ಅವಳನ್ನು ನೋಡಿದರು. ಯಾರೂ ರೆಪ್ಪೆ ಬಡಿಯಲಿಲ್ಲ. ಆಮೇಲೆ ಅವಳು ಒಂದು ಕೈ ಮುಂದಿಟ್ಟಳು, ಇನ್ನೊಂದು ಇಟ್ಟಳು, ಕೊಂಬೆ ಹಿಡಿದಳು, ಎಲೆಗಳೊಳಗೆ ಹೋದಳು.

ನಾವು ಹತ್ತಿರ ಹೋದಾಗಲೂ ಅತ್ತೆ ಕಡ್ಡಿ ಹಿಡಿದೇ ನಿಂತಿದ್ದರು.

"ಓದ್ಲಾ?" ಎಂದು ಕೇಳಿದರು.

"ಹೋದಳು ಅತ್ತೆ. ಇಬ್ಬರನ್ನೂ ಕರ್ಕೊಂಡು ಹೋದಳು. ಬಿಡಿ ಈಗ."

"ತಡಿ" ಎಂದರು. "ಇನ್ನೊಂದು ಗಳಿಗೆ ಇಡ್ಕತೀನಿ. ಏನಾರ ಮರ್ತಿದ್ರೆ ತಿರ್ಗಾ ಬತ್ತಾಳೆ."